ಗೋಡೆಗೂ ಮಾತು ಕಲಿಸಿದ ಮೈಸೂರಿನ ಸತ್ಯು!

ಪಿಕ್ಚರು ಮುಗಿಸಿ ಟಾಕೀಸಿನಿಂದ ಹೊರಗೆ ಬಂದವರನ್ನು ನಿಲ್ಲಿಸಿ ಕೇಳಿ ನೋಡಿ. ಹೀರೋ ಯಾರು? ತಟ್ಟನೆ ಹೇಳುತ್ತಾರೆ. ಹೀರೋಯಿನ್ನು? ಅವಳ ಊರು, ವಯಸ್ಸು, ಹಿಂದಿನ ಮೂರು ಪಿಕ್ಚರಿನ ಹೆಸರು ಎಲ್ಲಾ ಹೇಳುತ್ತಾರೆ. ಹಾಡು ಬರೆದವರು, ಹಾಡಿದವರು, ಫೈಟು ಮಾಡಿಸಿದವರು... ಒಬ್ಬರ ಹೆಸರೂ ಬಿಡುವುದಿಲ್ಲ ನಮ್ಮ ಚಿತ್ರರಸಿಕರು. ಆದರೆ ಹೀರೋಯಿನ್ನು ಒರಗಿಕೊಂಡು ಅತ್ತಳಲ್ಲ, ಆ ಕಂಬ ಅಲ್ಲಿಗೆ ಹೇಗೆ ಬಂತು ಸ್ವಾಮಿ? ಹಿಂದಿನ ಗೋಡೆಗೆ ಆ ಬಣ್ಣ ಬಳಿಸಿದವರು ಯಾರು? ಬಾಗಿಲು ಅಷ್ಟು ಗಿಡ್ಡ ಯಾಕೆ, ಒಳಗೆ ಬರುವಾಗ ಅಪ್ಪ ತಲೆ ಬಗ್ಗಿಸಿದ್ದು ಯಾಕೆ? ಇದನ್ನು ಕೇಳಿದರೆ ಮಾತ್ರ ಎಲ್ಲರೂ ಬಸ್ಸಿಗೆ ಹೊತ್ತಾಯ್ತು ಅಂತ ಓಡುತ್ತಾರೆ!

ನನಗೆ ಈ ಹುಚ್ಚು ಹಳೆಯದು. ಕೊಡಗಿನ ಚೆಟ್ಟಳ್ಳಿಯವನು ನಾನು. ಮಡಿಕೇರಿಗೂ ಸಿದ್ದಾಪುರಕ್ಕೂ ನಡುವೆ, ಕಾಫಿ ಗಿಡದ ನೆರಳಲ್ಲಿ ಕೂತಿರುವ ಊರು. ಹೊರಗಿನವರಿಗೆ ನಮ್ಮೂರು ಗೊತ್ತಿದ್ದರೆ ಅದು ತೋಟಗಾರಿಕೆ ಸಂಶೋಧನೆಯ ಕೇಂದ್ರದಿಂದ, ಕಾಫಿ ಸಂಶೋಧನಾ ಉಪಕೇಂದ್ರದಿಂದ. ಸಿನಿಮಾದಿಂದ ಅಲ್ಲ. ಅಂಥ ಊರಿನಲ್ಲಿ ಕೂತು ಶಾಲೆಯ ವಾರ್ಷಿಕೋತ್ಸವದ ನಾಟಕಕ್ಕೆ ಪರದೆ ಬರೆಯುವುದು, ಬಿದಿರು ಕಟ್ಟಿ ಗೋಣಿತಾಟು ಹೊದಿಸಿ ಅರಮನೆ ಮಾಡುವುದು ನನ್ನ ಹವ್ಯಾಸ. ಹಾಗಾಗಿ ನನ್ನ ಪಾಲಿಗೆ ಸ್ಟಾರು ಅಂದರೆ ಹೀರೋ ಅಲ್ಲ, ಸೆಟ್ಟಿನವನು. ಆ ಸೆಟ್ಟಿನವರಲ್ಲೇ ದೊಡ್ಡ ಸ್ಟಾರು ನಮ್ಮ ಮೈಸೂರಿನ ಎಂ.ಎಸ್. ಸತ್ಯು.

‘ಅಯ್ಯೋ, ಅವರು ಡೈರೆಕ್ಟರಲ್ವೇ? ಗರಂ ಹವಾ ತೆಗೆದವರಲ್ವೇ?’ ಅಂತೀರಿ. ಹೌದು. ಆದರೆ ಅವರು ಸಿನಿಮಾದ ಮನೆಯೊಳಕ್ಕೆ ಬಂದದ್ದು ಮುಂಬಾಗಿಲಿಂದಲ್ಲ. ಬಣ್ಣದ ಡಬ್ಬ, ಹಲಗೆ, ಮೊಳೆ, ಸುತ್ತಿಗೆ ಒಳಗೆ ಹೋಗುತ್ತಲ್ಲ, ಆ ಹಿತ್ತಿಲ ಬಾಗಿಲಿಂದ! ಇದನ್ನು ಮರೆತರೆ ಅವರ ಪಿಕ್ಚರಿನ ಅರ್ಧ ಸೊಗಸು ತಪ್ಪಿಹೋಗುತ್ತದೆ ಎಂಬುದು ನನ್ನ ವಾದ.

ನಾಲ್ಕು ವರ್ಷ ನಿರುದ್ಯೋಗಿ!

ಮೈಸೂರು ಶ್ರೀನಿವಾಸ ಸತ್ಯು ಹುಟ್ಟಿದ್ದು 1930ರ ಜುಲೈ 6ರಂದು, ಮೈಸೂರಿನಲ್ಲಿ. ಓದು ಮೈಸೂರು, ಬೆಂಗಳೂರು. ಬಿ.ಎಸ್ಸಿ. ಓದುತ್ತಿದ್ದ ಹುಡುಗ 1952ರಲ್ಲಿ ಕಾಲೇಜಿಗೆ ಕೈಮುಗಿದು ಬೊಂಬಾಯಿ ದಾರಿ ಹಿಡಿದ. ಆ ಕಾಲದ ಅಪ್ಪ ಅಮ್ಮಂದಿರಿಗೆ ಇದು ಎಂಥಾ ಸುದ್ದಿ, ನೀವೇ ಊಹಿಸಿ. ಡಿಗ್ರಿ ಕೈಗೆ ಬರಬೇಕು, ಆಮೇಲೆ ಸರ್ಕಾರಿ ನೌಕರಿ, ಆಮೇಲೆ ಮದುವೆ... ಆ ಸರಪಳಿಯನ್ನೇ ಕಡಿದುಕೊಂಡು ಹೋದ ಹುಡುಗ!

ಬೊಂಬಾಯಿಯಲ್ಲಿ ಮೊದಲು ಸಿಕ್ಕಿದ್ದು ಆನಿಮೇಶನ್ ಕೆಲಸ. ಅಂದರೆ ಚಿತ್ರ ಬರೆದು ಬರೆದು ಓಡಿಸುವ ವಿದ್ಯೆ. ತೆರೆಯ ಮೇಲೆ ಒಂದು ಸೆಕೆಂಡಿಗೆ 24 ಚೌಕಟ್ಟು ಓಡಬೇಕು. ಒಂದು ಬೊಂಬೆ ಕೈ ಎತ್ತಿ ನಮಸ್ಕಾರ ಮಾಡಬೇಕಾದರೂ ಹಾಳೆಯ ಮೇಲೆ ಹಾಳೆ ಬರೆಯಬೇಕು. 1952-53ರಲ್ಲಿ ಸತ್ಯು ಈ ಕೆಲಸವನ್ನು ಅಲ್ಲಲ್ಲಿ ಬಿಡಿಬಿಡಿಯಾಗಿ ಮಾಡಿದರು. ಆಮೇಲೆ? ಆಮೇಲೆ ಹೆಚ್ಚುಕಡಿಮೆ ನಾಲ್ಕು ವರ್ಷ ಕೆಲಸವೇ ಇಲ್ಲ! ಬೊಂಬಾಯಿಯಲ್ಲಿ ನಾಲ್ಕು ದಿನ ಕೆಲಸವಿಲ್ಲದೆ ಇರುವುದೇ ಕಷ್ಟ. ಮೊದಲ ಸಂಬಳದ ಕೆಲಸ ಕೊಟ್ಟವರು ಚೇತನ್ ಆನಂದ್. ದೇವ್ ಆನಂದರ ಅಣ್ಣ, ‘ನೀಚಾ ನಗರ್’ ತೆಗೆದವರು. ಅವರ ಹತ್ತಿರ ಸತ್ಯು ಸಹಾಯಕ ನಿರ್ದೇಶಕರಾದರು.

ಇನ್ನೊಂದು ಕಡೆ ರಂಗಭೂಮಿ. ದಿಲ್ಲಿಯಲ್ಲಿ ಬೇಗಂ ಕುದ್ಸಿಯಾ ಜೈದಿ ಕಟ್ಟಿದ್ದ ಹಿಂದೂಸ್ತಾನಿ ಥಿಯೇಟರ್ ಎಂಬ ತಂಡ, ಹಬೀಬ್ ತನ್ವೀರರಂಥ ದಿಗ್ಗಜರ ಸಹವಾಸ. ಅಲ್ಲಿ ಸತ್ಯು ರಂಗಸಜ್ಜಿಕೆ ಮಾಡಿದರು, ಬೆಳಕು ನೋಡಿಕೊಂಡರು. ಮುಂದೆ ಕುದ್ಸಿಯಾ ಬೇಗಂ ಅವರ ಮಗಳು ಶಮಾ ಜೈದಿಯವರೇ ಸತ್ಯು ಅವರ ಬಾಳಸಂಗಾತಿಯಾದರು. ಶಮಾ ಅವರೂ ಸಾಮಾನ್ಯರಲ್ಲ. ಚಿತ್ರಕಥೆ ಬರೆಯುವವರು, ವಸ್ತ್ರವಿನ್ಯಾಸ ಮಾಡುವವರು. ಗಂಡ ಗೋಡೆ ನಿಲ್ಲಿಸಿದರೆ ಹೆಂಡತಿ ಆ ಗೋಡೆಯ ಮುಂದೆ ನಿಲ್ಲುವವರಿಗೆ ಬಟ್ಟೆ ತೊಡಿಸುವುದು... ಇಂಥ ಜೋಡಿ ಚಿತ್ರರಂಗದಲ್ಲಿ ಎಷ್ಟಿವೆ ಹೇಳಿ?

ಮಂಜಿನಲ್ಲಿ ಮೊದಲ ಪ್ರಶಸ್ತಿ

1962ರಲ್ಲಿ ಚೀನಾ ಯುದ್ಧ ಆಯಿತಲ್ಲ, ಅದರ ಮೇಲೆ ಚೇತನ್ ಆನಂದ್ 1964ರಲ್ಲಿ ‘ಹಕೀಕತ್’ ತೆಗೆದರು. ಬಲರಾಜ್ ಸಾಹನಿ, ಧರ್ಮೇಂದ್ರ, ಪ್ರಿಯಾ ರಾಜವಂಶ್. ಮದನ್ ಮೋಹನ್ ಸಂಗೀತ, ಕೈಫಿ ಆಜ್ಮಿ ಹಾಡುಗಳು. ಕಲಾ ನಿರ್ದೇಶನ ಎಂ.ಎಸ್. ಸತ್ಯು!

ನಮ್ಮ ಕೊಡಗಿನಲ್ಲಿ ಸೈನ್ಯಕ್ಕೆ ಒಬ್ಬನನ್ನೂ ಕಳಿಸದ ಮನೆ ಹುಡುಕುವುದು ಕಷ್ಟ. ಕಾರ್ಯಪ್ಪ, ತಿಮ್ಮಯ್ಯನವರ ನಾಡು. ಹಾಗಾಗಿ ಇಲ್ಲಿನವರು ಯುದ್ಧದ ಪಿಕ್ಚರು ನೋಡುವ ರೀತಿಯೇ ಬೇರೆ. ಹಾಡು ಬಂದಾಗ ಸುಮ್ಮನಿರುತ್ತಾರೆ. ಹಿಂದಿನ ಸಾಲಿನಲ್ಲಿ ಕೂತ ರಿಟೈರ್ಡ್ ಸುಬೇದಾರರು ಮಾತ್ರ ಬಂಕರು ಸರಿಯಿದೆಯೇ, ಮರಳ ಮೂಟೆ ಹೇಗೆ ಜೋಡಿಸಿದ್ದಾರೆ ಅಂತ ನೋಡುತ್ತಿರುತ್ತಾರೆ! ಅಂಥವರ ಕಣ್ಣಿಗೆ ಸುಳ್ಳು ಕಾಣಿಸದ ಹಾಗೆ ಮಾಡಬೇಕು, ಅದೇ ಕಲಾ ನಿರ್ದೇಶಕನ ಪರೀಕ್ಷೆ.

ಮೇಲಾಗಿ ಅದು ಕಪ್ಪು ಬಿಳುಪು ಚಿತ್ರ. ಕಪ್ಪು ಬಿಳುಪಿನಲ್ಲಿ ಬಣ್ಣವಿಲ್ಲ, ಕೆಲಸ ಸುಲಭ ಅಂತ ತಿಳಿದವರುಂಟು. ತಪ್ಪು ಮಾರಾಯ್ರೆ! ಕಣ್ಣಿಗೆ ಕೆಂಪು ಬೇರೆ, ಹಸಿರು ಬೇರೆ. ಕ್ಯಾಮೆರಾಕ್ಕೆ ಎರಡೂ ಒಂದೇ ಬೂದು ಆಗಿಬಿಡಬಹುದು. ಹಸಿರು ಸಮವಸ್ತ್ರದ ಸಿಪಾಯಿ ಕೆಂಪು ಮಣ್ಣಿನ ಗೋಡೆಗೆ ಆತು ನಿಂತರೆ ತೆರೆಯ ಮೇಲೆ ಸಿಪಾಯಿಯೂ ಗೋಡೆಯೂ ಒಂದಾಗಿ ಮಾಯ! ಯಾವ ಬಣ್ಣ ಯಾವ ಬೂದಾಗುತ್ತದೆ ಅಂತ ಮೊದಲೇ ಲೆಕ್ಕ ಹಾಕಿ ಬಣ್ಣ ಬಳಿಸಬೇಕು. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ‘ಹಕೀಕತ್’ಗಾಗಿ ಸತ್ಯು ಅವರಿಗೆ ಕಲಾ ನಿರ್ದೇಶನದ ಫಿಲಂಫೇರ್ ಪ್ರಶಸ್ತಿ ಬಂತು. ಕಾಲೇಜು ಬಿಟ್ಟು ಹನ್ನೆರಡು ವರ್ಷದ ಮೇಲೆ ತೆಗೆದ ಪಿಕ್ಚರು ಅದು.

ಆಗ್ರಾದ ಹವೇಲಿ

ಈಗ ಬರೋಣ ‘ಗರಂ ಹವಾ’ಕ್ಕೆ. ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು.

ಸತ್ಯು ಮೊದಲು ಬೇರೊಂದು ಕಥೆ ಹಿಡಿದುಕೊಂಡು ಫಿಲಂ ಫೈನಾನ್ಸ್ ಕಾರ್ಪೊರೇಷನ್‌ಗೆ ಹೋಗಿದ್ದರು. ಅದಕ್ಕೆ ‘ಆಗುವುದಿಲ್ಲ’ ಅಂದರು. ಎರಡನೆಯದಾಗಿ ಕೊಟ್ಟದ್ದು ಇದು. ಉರ್ದು ಲೇಖಕಿ ಇಸ್ಮತ್ ಚುಗ್ತಾಯ್ ಅವರ ಕಥೆ, ಚಿತ್ರಕಥೆಗೆ ಕೈಫಿ ಆಜ್ಮಿ ಮತ್ತು ಶಮಾ ಜೈದಿ. ಸಿಕ್ಕಿದ ಸಾಲ ಎರಡೂವರೆ ಲಕ್ಷ. ಉಳಿದದ್ದಕ್ಕೆ ಸ್ನೇಹಿತರ ಮುಂದೆ ಕೈಯೊಡ್ಡಬೇಕು. ಕ್ಯಾಮೆರಾ ಕೂಡ ಸ್ನೇಹಿತರೊಬ್ಬರು ಕಡ ಕೊಟ್ಟದ್ದು! ಛಾಯಾಗ್ರಾಹಕ ಈಶಾನ್ ಆರ್ಯ, ಜಾಹೀರಾತು ಚಿತ್ರ ತೆಗೆಯುತ್ತಿದ್ದವರು, ಅವರಿಗೂ ಇದೇ ಮೊದಲ ದೊಡ್ಡ ಚಿತ್ರ. ಶಬ್ದ ಮುದ್ರಿಸುವ ಯಂತ್ರ ತರಲು ದುಡ್ಡಿಲ್ಲ. ಆದ್ದರಿಂದ ಇಡೀ ಪಿಕ್ಚರು ಮೂಕಿಯಾಗಿ ತೆಗೆದು, ಬೊಂಬಾಯಿಗೆ ಹೋದ ಮೇಲೆ ಮಾತು ಕೂರಿಸಿದ್ದು. ಹೊಸ ಹುಡುಗ ಫಾರೂಕ್ ಶೇಖ್‌ಗೆ ಗೊತ್ತುಮಾಡಿದ ಸಂಭಾವನೆ ಎಷ್ಟು ಗೊತ್ತೇ? 750 ರೂಪಾಯಿ!

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ದೇಶ ಎರಡಾಗಿದೆ. ಆಗ್ರಾದಲ್ಲಿ ಸಲೀಂ ಮಿರ್ಜಾ ಎಂಬ ಬೂಟಿನ ಕಾರ್ಖಾನೆಯ ಯಜಮಾನ. ನೆಂಟರಿಷ್ಟರು ಒಬ್ಬೊಬ್ಬರಾಗಿ ಪಾಕಿಸ್ತಾನದ ರೈಲು ಹತ್ತುತ್ತಾರೆ. ಈತ ಮಾತ್ರ ಹೋಗುವುದಿಲ್ಲ. ಆದರೆ ಅವರಿರುವ ಹವೇಲಿ ಇರುವುದು ಅಣ್ಣನ ಹೆಸರಿನಲ್ಲಿ. ಅಣ್ಣ ಗಡಿ ದಾಟಿದ್ದೇ ತಡ, ಮನೆ ವಲಸೆ ಹೋದವರ ಆಸ್ತಿ ಅಂತ ಸರ್ಕಾರದ ವಶಕ್ಕೆ ಹೋಗುತ್ತದೆ. ಅಲ್ಲಿಂದ, ತಾನೂ ಮನೆ ಮಠ ಕಳೆದುಕೊಂಡು ಈ ಕಡೆ ಬಂದ ಸಿಂಧಿ ವ್ಯಾಪಾರಿಯೊಬ್ಬನ ಕೈಗೆ. ವ್ಯಾಪಾರಿಯ ಪಾತ್ರ ಎ.ಕೆ. ಹಂಗಲ್, ಸಲೀಂ ಮಿರ್ಜಾ ಬಲರಾಜ್ ಸಾಹನಿ. ಒಬ್ಬನೂ ವಿಲನ್ ಅಲ್ಲ ನೋಡಿ! ಮನೆ ಬಿಡಿಸಲು ಬಂದವನೂ ನಾಚಿಕೊಂಡೇ ನಿಲ್ಲುತ್ತಾನೆ.

ಇಂಥ ಕಥೆಗೆ ಬೇರೆ ಯಾರಾದರೂ ಆಗಿದ್ದರೆ ಬೊಂಬಾಯಿಯ ಸ್ಟುಡಿಯೋದಲ್ಲಿ ಒಂದು ಹವೇಲಿ ಎಬ್ಬಿಸುತ್ತಿದ್ದರು. ಮೂರು ಗೋಡೆ, ಒಂದು ಏಣಿಮೆಟ್ಟಿಲು, ಮೇಲೆ ಒಂದು ತೂಗುದೀಪ. ಸೆಟ್ಟು ಹಾಕಿ ಪ್ರಶಸ್ತಿ ಗಿಟ್ಟಿಸಿದ ಸತ್ಯು ಮಾತ್ರ ಸೆಟ್ಟು ಬೇಡ ಅಂದರು! ಆಗ್ರಾದ ಪೀಪಲ್ ಮಂಡಿಯಲ್ಲಿ ನಿಜವಾದ ಹವೇಲಿಯನ್ನೇ ಹಿಡಿದರು. ಬೇಕು ಅಂದಾಗ ಗೋಡೆ ಸರಿಸುವ ಹಾಗಿಲ್ಲ, ಕ್ಯಾಮೆರಾ ಹಿಂದಕ್ಕೆ ಎಳೆಯಲು ಜಾಗವಿಲ್ಲ. ಇದ್ದದ್ದನ್ನೇ ಕಣ್ಣಲ್ಲಿ ಅಳೆದು, ಯಾವುದು ತೋರಬೇಕು, ಯಾವುದು ಬಿಡಬೇಕು ಅಂತ ಆರಿಸುವ ಕೆಲಸ. ಸೆಟ್ಟು ಕಟ್ಟುವುದಕ್ಕಿಂತ ಇದು ಕಷ್ಟ ಎಂಬುದು ಬಿದಿರು ಕಟ್ಟಿದವನಿಗೆ ಗೊತ್ತು. ಫಲವೇನಾಯಿತು? ಮೊದಲರ್ಧದಲ್ಲಿ ಜನ ಹತ್ತುವ ಇಳಿಯುವ ಮೆಟ್ಟಿಲು, ಹೆಂಗಸರು ಕೂಗಿ ಮಾತಾಡುವ ಅಂಗಳ, ಮಾಳಿಗೆ ಎಲ್ಲಾ ನಮಗೆ ನಮ್ಮನೆಯಷ್ಟೇ ಪರಿಚಯವಾಗಿಬಿಡುತ್ತದೆ. ಆಮೇಲೆ ಅದನ್ನು ಬಿಟ್ಟು ಬಾಡಿಗೆ ಮನೆಗೆ ಹೋದಾಗ ನಮಗೂ ಉಸಿರುಕಟ್ಟುತ್ತದೆ.

ಷೂಟಿಂಗ್ ನಡೆಸುವುದೂ ಸುಲಭವಿರಲಿಲ್ಲ. ಕಥೆಯ ವಾಸನೆ ಹಿಡಿದು ಗಲಾಟೆ ಮಾಡುವವರು ಬಂದರು. ಅದಕ್ಕೆ ಸತ್ಯು ಮಾಡಿದ ಉಪಾಯ ಕೇಳಿ ನಗಬೇಡಿ. ಇನ್ನೊಂದು ಸುಳ್ಳು ಯುನಿಟ್ಟು ಕಟ್ಟಿ, ಫಿಲಂ ಹಾಕದ ಖಾಲಿ ಕ್ಯಾಮೆರಾ ಕೊಟ್ಟು ಊರಿನ ಬೇರೆ ಕಡೆಗೆ ಕಳಿಸಿದರು! ಗಲಾಟೆಯವರು ಆ ಕಡೆ, ನಿಜವಾದ ಕ್ಯಾಮೆರಾ ಈ ಕಡೆ. ನಾಟಕದವರಿಗಲ್ಲದೆ ಇಂಥ ಬುದ್ಧಿ ಯಾರಿಗೆ ಹೊಳೆಯಬೇಕು?

ಅಜ್ಜಿ ಸಿಕ್ಕಿದ ಕಥೆ

ಮನೆಯ ಅಜ್ಜಿಯ ಪಾತ್ರಕ್ಕೆ ಮೊದಲು ಗಾಯಕಿ ಬೇಗಂ ಅಖ್ತರ್ ಅವರನ್ನು ಕೇಳಿದ್ದರಂತೆ. ಅವರು ಒಪ್ಪಲಿಲ್ಲ. ಆಮೇಲೆ ಹವೇಲಿಯ ಯಜಮಾನರೇ ಆಗ್ರಾದ ಒಬ್ಬ ಮುದುಕಿಯ ಹತ್ತಿರ ಕರೆದುಕೊಂಡು ಹೋದರು. ಹೆಸರು ಬದರ್ ಬೇಗಂ. ಮರ್ಯಾದಸ್ತರು ಹಗಲು ಹೊತ್ತು ಕಾಲಿಡದ ಓಣಿಯಲ್ಲಿ ಆಕೆಯ ಮನೆ. ಎಪ್ಪತ್ತು ದಾಟಿದೆ, ಕಣ್ಣಿಗೆ ಪೊರೆ ಬಂದಿದೆ. ಹದಿನಾರರ ವಯಸ್ಸಿನಲ್ಲಿ ಸಿನಿಮಾದ ಕನಸು ಕಟ್ಟಿಕೊಂಡು ಬೊಂಬಾಯಿಗೆ ಓಡಿಹೋಗಿದ್ದವಳು ಆಕೆ! ಅಲ್ಲೊಂದು ಇಲ್ಲೊಂದು ಎಕ್ಸ್‌ಟ್ರಾ ಪಾತ್ರ, ಅಷ್ಟೆ. ಕೈಯಲ್ಲಿದ್ದ ಕಾಸು ಮುಗಿದು ಆಗ್ರಾಕ್ಕೆ ವಾಪಸ್ಸು. ಅಂಥವಳ ಬಾಗಿಲಿಗೆ ಅರ್ಧ ಶತಮಾನದ ಮೇಲೆ ಸಿನಿಮಾ ತಾನಾಗಿ ನಡೆದುಕೊಂಡು ಬಂತು. ದನಿ ಮಾತ್ರ ಆಕೆಯದಲ್ಲ, ದೀನಾ ಪಾಠಕ್ ಅವರದು. ಆ ಮುಖ, ಆ ಕುಗ್ಗಿದ ಭುಜ, ಕಾಣದ ಕಣ್ಣಲ್ಲಿ ಗೋಡೆ ಹುಡುಕುವ ಕೈ... ಅದೆಲ್ಲ ಆಕೆಯದೇ.

ಮನೆ ಖಾಲಿ ಮಾಡುವ ದಿನ ಅಜ್ಜಿ ಕಾಣೆ. ಹುಡುಕಿದರೆ ಮನೆಯ ಒಂದು ಕತ್ತಲ ಮೂಲೆಯಲ್ಲಿ ಅಡಗಿ ಕೂತಿದ್ದಾಳೆ. ಮದುವೆಯಾಗಿ ಬಂದ ಮನೆ, ಹೊರಗೆ ಬರುವುದಿಲ್ಲ. ಮಗ ಎತ್ತಿಕೊಂಡೇ ಹೊರಗೆ ತರಬೇಕು. ಕೊನೆಗೆ ಸಾಯುವ ಹೊತ್ತಿಗೆ ಅವಳ ಆಸೆ ಒಂದೇ, ಆ ಮನೆ. ಡೋಲಿಯಲ್ಲಿ ಕೂರಿಸಿ ಹೊತ್ತು ತರುತ್ತಾರೆ. ಅಲ್ಲೇ ಪ್ರಾಣ ಬಿಡುತ್ತಾಳೆ.

ಇದನ್ನು ನಾನು ಮೊದಲು ನೋಡಿದ್ದು ಮೈಸೂರಿನ ಒಂದು ಫಿಲಂ ಸೊಸೈಟಿಯಲ್ಲಿ, ಹರಕು ಪ್ರಿಂಟಿನಲ್ಲಿ. 2014ರಲ್ಲಿ ಚಿತ್ರವನ್ನು ಶುದ್ಧಮಾಡಿ ಮತ್ತೆ ಟಾಕೀಸಿಗೆ ತಂದರು. ಅದಾದ ಮೇಲೆ ಚೆಟ್ಟಳ್ಳಿಯ ನಮ್ಮ ಮನೆಯಲ್ಲೇ ಮಗನ ಕಂಪ್ಯೂಟರಿನಲ್ಲಿ ಅವ್ವನ ಪಕ್ಕ ಕೂತು ನೋಡಿದೆ. ಅವ್ವನಿಗೆ ಹಿಂದಿ ಬರುವುದಿಲ್ಲ. ನಾನು ಮಧ್ಯೆ ಮಧ್ಯೆ ಹೇಳುತ್ತಿದ್ದೆ. ಅಜ್ಜಿ ಅಡಗಿದ ಜಾಗಕ್ಕೆ ಬಂದಾಗ ಅವ್ವ ‘ನೀ ಸುಮ್ಕಿರು, ನಂಗೆ ಗೊತ್ತಾಯ್ತದೆ’ ಅಂದಳು.

ಗೊತ್ತಾಗದೆ ಏನು? ನಮ್ಮಪ್ಪ ಪಿರಿಯಾಪಟ್ಟಣದ ಕಡೆಯಿಂದ ಬಂದು ಇಲ್ಲಿ ಒಂದು ಕಾಫಿ ತೋಟದಲ್ಲಿ ರೈಟ್ರಾಗಿದ್ದವರು. ತೋಟದ ಕ್ವಾರ್ಟರ್ಸಿನಲ್ಲಿ ಇಪ್ಪತ್ತೆಂಟು ವರ್ಷ ಸಂಸಾರ. ನಾವು ಮೂರು ಮಕ್ಕಳೂ ಅಲ್ಲೇ ಹುಟ್ಟಿದ್ದು. ಅಪ್ಪ ರಿಟೈರಾದರು, ಮನೆ ಬಿಟ್ಟೆವು. ಅದು ನಿಯಮ, ಯಾರನ್ನೂ ದೂರುವಂತಿಲ್ಲ. ಸಾಮಾನೆಲ್ಲ ಲಾರಿಗೆ ಹಾಕಿದ್ದಾಯಿತು. ಅಡುಗೆಮನೆಯ ನೆಲಕ್ಕೆ ಹೂಳಿದ ಒರಳು ಮಾತ್ರ ಬರಲಿಲ್ಲ. ಅವ್ವ ಗುಂಡುಕಲ್ಲು ಒಂದನ್ನೇ ಸೆರಗಲ್ಲಿ ಸುತ್ತಿಕೊಂಡು ಲಾರಿ ಹತ್ತಿದಳು. ಒರಳಿಲ್ಲದ ಗುಂಡುಕಲ್ಲು ಯಾವ ಉಪಯೋಗಕ್ಕೆ? ಈಗಲೂ ನಮ್ಮ ಮನೆಯ ಬಾಗಿಲ ಪಕ್ಕ ಕೂತಿದೆ.

ಪಿಕ್ಚರು ಮುಗಿದ ಮೇಲೆ ಅವ್ವ ಹೇಳಿದ್ದು ಇಷ್ಟೆ: ‘ಆ ಅಜ್ಜಿ ಮಾಡಿದ್ದೇ ಸರಿ ಕಣೋ. ನಾನೂ ಸೌದೆ ಗೂಡಲ್ಲಿ ಕೂತ್ಕಬೇಕಿತ್ತು.’

ಕಾನ್ ಚಿತ್ರೋತ್ಸವದ ವಿಮರ್ಶಕರು ಏನೇನು ಬರೆದರೋ, ನನಗೆ ಇದಕ್ಕಿಂತ ಬೇರೆ ವಿಮರ್ಶೆ ಬೇಕಾಗಿಲ್ಲ.

ನಮ್ಮ ಕೊಡಗಿನಲ್ಲಿ ಮನೆ ಅಂದರೆ ಬರೀ ಗೋಡೆಯಲ್ಲ ಎಂಬುದು ನಿಮಗೆ ಗೊತ್ತಿರಬಹುದು. ಕೊಡವರ ಐನ್‌ಮನೆ ಒಬ್ಬರ ಹೆಸರಿನದಲ್ಲ, ಇಡೀ ಒಕ್ಕದ್ದು. ಹಬ್ಬಕ್ಕೆ, ಮದುವೆಗೆ, ಸಾವಿಗೆ ಎಲ್ಲಿದ್ದರೂ ಅಲ್ಲಿಗೆ ಬರಬೇಕು. ಕೆತ್ತಿದ ಕಂಬ, ಕೈಸಾಲೆ, ನಡುಮನೆಯ ದೀಪ. ನಾವು ಹೊರಗಿನಿಂದ ಬಂದವರು, ಆ ಕೈಸಾಲೆಯಲ್ಲಿ ಕೂತು ಕಾಫಿ ಕುಡಿದವರು, ಅಷ್ಟೆ. ಆದರೂ 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡ ಕುಸಿದು ಊರೂರೇ ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಿದಾಗ, ಮುದುಕಿಯರು ಕೈಯಲ್ಲಿ ಹಿಡಿದು ಬಂದದ್ದು ಚಿನ್ನವಲ್ಲ. ದೀಪ, ಫೋಟೋ, ಒಂದು ಹಳೆ ಚೆಂಬು. ಆಗಲೂ ನನಗೆ ಆ ಆಗ್ರಾದ ಅಜ್ಜಿಯೇ ಕಣ್ಣಮುಂದೆ ಬಂದಳು.

ಬೆಂಗಳೂರಲ್ಲೇ ಮೊದಲ ಬಿಡುಗಡೆ

ಪಿಕ್ಚರು ತಯಾರಾದರೂ ಸೆನ್ಸಾರಿನವರು ತಿಂಗಳುಗಟ್ಟಲೆ ಹಿಡಿದಿಟ್ಟರು. ಗಲಭೆಯಾದೀತು ಎಂಬ ಭಯ. ಸತ್ಯು ಹೆಗಲ ಮೇಲೆ ಡಬ್ಬ ಹೊತ್ತು ದಿಲ್ಲಿಯ ನಾಯಕರಿಗೆ, ಪತ್ರಕರ್ತರಿಗೆ ತೋರಿಸಿದರು. ಇಂದಿರಾ ಗಾಂಧಿಯವರೂ ನೋಡಿದರು. ಕೊನೆಗೆ 1974ರಲ್ಲಿ ಬಿಡುಗಡೆ. ಮೊದಲು ಎಲ್ಲಿ ಅಂತೀರಿ? ನಮ್ಮ ಬೆಂಗಳೂರಿನಲ್ಲಿ! ಸಾಗರ್ ಮತ್ತು ಸಂಗೀತ್ ಟಾಕೀಸುಗಳಲ್ಲಿ. ಗಲಭೆ ಗಿಲಭೆ ಏನೂ ಆಗಲಿಲ್ಲ. ಜನ ನೋಡಿದರು, ಕಣ್ಣೊರೆಸಿಕೊಂಡು ಮನೆಗೆ ಹೋದರು. ಕನ್ನಡಿಗ ತೆಗೆದ ಹಿಂದಿ ಪಿಕ್ಚರಿಗೆ ಕನ್ನಡ ನಾಡೇ ಮೊದಲ ಬಾಗಿಲು ತೆರೆದದ್ದು ನಮಗೆ ಸಣ್ಣ ಹೆಮ್ಮೆಯೇ?

ಬಲರಾಜ್ ಸಾಹನಿಯವರು ಮಾತ್ರ ಅದನ್ನು ನೋಡಲು ಇರಲಿಲ್ಲ. ಡಬ್ಬಿಂಗ್ ಮುಗಿಸಿದ ಮಾರನೆಯ ದಿನ, 1973ರ ಏಪ್ರಿಲ್ 13ರಂದು ತೀರಿಕೊಂಡರು. ಅದಕ್ಕೂ ಹಿಂದೆ ಸ್ವಂತ ಮಗಳನ್ನು ಕಳೆದುಕೊಂಡಿದ್ದರು. ಚಿತ್ರದಲ್ಲಿ ಮಗಳು ಅಮೀನಾ (ಗೀತಾ ಸಿದ್ಧಾರ್ಥ) ಪ್ರಾಣ ಕಳೆದುಕೊಂಡಾಗ ಆ ಅಪ್ಪ ಗೋಳಾಡುವುದಿಲ್ಲ. ಅದನ್ನು ನೋಡುವಾಗ ಇದು ನೆನಪಿದ್ದರೆ ತೆರೆಯತ್ತ ಕಣ್ಣೆತ್ತಲಾಗುವುದಿಲ್ಲ.

ರಾಷ್ಟ್ರೀಯ ಭಾವೈಕ್ಯದ ರಾಷ್ಟ್ರ ಪ್ರಶಸ್ತಿ ಬಂತು. 1974ರ ಕಾನ್ ಚಿತ್ರೋತ್ಸವದ ಸ್ಪರ್ಧೆಗೆ ಹೋಯಿತು, ಆಸ್ಕರ್‌ಗೆ ಭಾರತದ ಅಧಿಕೃತ ಚಿತ್ರವಾಗಿ ಹೋಯಿತು. 1975ರಲ್ಲಿ ಸತ್ಯು ಪದ್ಮಶ್ರೀ ಆದರು.

ನನ್ನ ಬಾಗಿಲು

ಇಲ್ಲಿ ನನ್ನದೊಂದು ಸಣ್ಣ ಸಂಗತಿ ಹೇಳಿಬಿಡುತ್ತೇನೆ, ಸಂಪಾದಕರು ಕತ್ತರಿ ಹಾಕದಿದ್ದರೆ! ಮೈಸೂರಿನಲ್ಲಿ ‘ಗರಂ ಹವಾ’ ನೋಡಿ ಬಂದ ವರ್ಷ ಶಾಲೆಯ ನಾಟಕಕ್ಕೆ ಎಂದಿನಂತೆ ಪರದೆಯ ಮೇಲೆ ಬಾಗಿಲು ಬರೆಯಲು ಕೂತೆ. ಕೈ ಓಡಲಿಲ್ಲ. ಊರಿನಲ್ಲಿ ಆಗ ಒಂದು ಹಳೆಮನೆ ಕೆಡವುತ್ತಿದ್ದರು. ಅದರ ಬಾಗಿಲನ್ನು ಚೌಕಟ್ಟು, ಹೊಸ್ತಿಲು ಸಮೇತ ಕೇಳಿ ತಂದೆ. ಆರು ಆಳು ಹೊತ್ತು ಸ್ಟೇಜಿಗೆ ಹತ್ತಿಸಿದರು. ಹೆಡ್‌ಮಾಸ್ಟರು ‘ಏನ್ರೀ, ನಾಟಕಕ್ಕೆ ಇಷ್ಟು ಭಾರದ ಬಾಗಿಲೇ?’ ಅಂದರು. ಊರವರು ನಕ್ಕರು. ನಾಟಕ ಸುರುವಾಯಿತು. ತಾಯಿಯ ಪಾತ್ರದ ಹತ್ತನೇ ಕ್ಲಾಸಿನ ಹುಡುಗಿ ಮನೆ ಬಿಡುವ ದೃಶ್ಯದಲ್ಲಿ, ನಾವು ಹೇಳಿಕೊಡದೆಯೇ, ಬಗ್ಗಿ ಆ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಪರದೆಯ ಮೇಲೆ ಬರೆದ ಹೊಸ್ತಿಲಾಗಿದ್ದರೆ ಯಾರು ಮುಟ್ಟುತ್ತಿದ್ದರು?

ಕನ್ನಡಕ್ಕೆ ಬಂದಾಗ

ಪದ್ಮಶ್ರೀ ಆದ ಮೇಲೆ ಬೊಂಬಾಯಿಯಲ್ಲೇ ದೊಡ್ಡ ಬ್ಯಾನರುಗಳ ಬೆನ್ನು ಹತ್ತಬಹುದಿತ್ತು. ಸತ್ಯು ಕನ್ನಡಕ್ಕೆ ಬಂದರು. 1977ರಲ್ಲಿ ‘ಕನ್ನೇಶ್ವರ ರಾಮ’. ಎಸ್.ಕೆ. ನಾಡಿಗರ ಕಾದಂಬರಿ, ಅನಂತನಾಗ್, ಶಬಾನಾ ಆಜ್ಮಿ, ಬಿ.ವಿ. ಕಾರಂತರ ಸಂಗೀತ. ಶಬಾನಾ ಕನ್ನಡದ ತೆರೆಗೆ ಬಂದದ್ದು ಈ ಪಿಕ್ಚರಿನಿಂದ. ಮರುವರ್ಷ ರಾಜಕೀಯದ ಲೇವಡಿ ಮಾಡುವ ‘ಚಿತೆಗೂ ಚಿಂತೆ’. ಆಮೇಲೆ ಯು.ಆರ್. ಅನಂತಮೂರ್ತಿಯವರ ಕಥೆಯ ‘ಬರ’, ಹಿಂದಿಯಲ್ಲಿ ‘ಸೂಖಾ’. ಅನಂತನಾಗ್ ಜಿಲ್ಲಾಧಿಕಾರಿ, ಜಿಲ್ಲೆಗೆ ಬರಗಾಲ, ಬರದಲ್ಲೂ ಓಟು ಲೆಕ್ಕ ಹಾಕುವ ಮಂದಿ. ಇದನ್ನು ನಾನು ನೋಡಿದ್ದು ಚೆಟ್ಟಳ್ಳಿಯ ಜುಲೈ ತಿಂಗಳಲ್ಲಿ, ಟಿ.ವಿ.ಯಲ್ಲಿ. ಹೊರಗೆ ಹೆಂಚಿನ ಮೇಲೆ ಧೋ ಎಂದು ಮಳೆ, ಒಳಗೆ ತೆರೆಯ ಮೇಲೆ ಬಿರಿದ ನೆಲ! ಆದರೂ ನಂಬಿಬಿಟ್ಟೆ. ಮಧ್ಯೆ ಎದ್ದು ಎರಡು ಸಲ ನೀರು ಕುಡಿದೆ ಅಂದರೆ ನೋಡಿ.

‘ಗಳಿಗೆ’ 1990ರ ದಶಕದಲ್ಲಿ ಬಂತು. 2010ರಲ್ಲಿ, ತಮ್ಮ ಎಂಬತ್ತನೇ ವಯಸ್ಸಿನಲ್ಲಿ, ಮೀರಾ ಜಾಸ್ಮಿನ್ ಅವರನ್ನು ಹಾಕಿಕೊಂಡು ‘ಇಜ್ಜೋಡು’ ತೆಗೆದರು. ಬಸವಿ ಬಿಡುವ ಪದ್ಧತಿಯ ಮೇಲಿನ ಚಿತ್ರ. ಎಲ್ಲವೂ ‘ಗರಂ ಹವಾ’ದ ಎತ್ತರಕ್ಕೆ ಏರಿದವು ಅಂತ ನಾನು ಹೇಳುವುದಿಲ್ಲ. ಏರಲಿಲ್ಲ. ಕೆಲವು ಕಡೆ ಮಾತು ಹೆಚ್ಚಾಯಿತು. ನಡುವೆ ಇಪ್ಟಾ ತಂಡಕ್ಕೆ ‘ಬಕ್ರಿ’ಯಂಥ ನಾಟಕಗಳನ್ನು ಆಡಿಸಿದರು. ಅಲ್ಲಿ ಅವರ ಕೈ ಎಂದೂ ಸೋತದ್ದಿಲ್ಲ ಎಂದು ನೋಡಿದವರು ಹೇಳುತ್ತಾರೆ.

ಮಡಿಕೇರಿಯ ಕೊನೆಯ ಅರಸ

ಕೊಡಗಿನವರು ಸತ್ಯು ಅವರನ್ನು ನೆನೆಯಲು ಇನ್ನೊಂದು ಕಾರಣವುಂಟು. 1980ರ ದಶಕದಲ್ಲಿ ಅವರು ದೂರದರ್ಶನಕ್ಕಾಗಿ ‘ಅಂತಿಮ್ ರಾಜಾ’ ಮಾಡಿದರು. ಆ ಕೊನೆಯ ರಾಜ ಬೇರೆ ಯಾರೂ ಅಲ್ಲ, ನಮ್ಮ ಚಿಕ್ಕವೀರರಾಜೇಂದ್ರ!

ಮತ್ತೆ ಅದೇ ಮನೆ ಬಿಟ್ಟವನ ಕಥೆ ನೋಡಿ. 1834ರ ಏಪ್ರಿಲ್‌ನಲ್ಲಿ ಕಂಪನಿ ಸರ್ಕಾರದ ಸೈನ್ಯ ಮಡಿಕೇರಿಗೆ ಬಂತು. ರಾಜ ಕೆಟ್ಟವನೋ, ಕಂಪನಿಯವರು ಕೆಟ್ಟವನನ್ನಾಗಿ ಬರೆದರೋ, ಆ ಜಗಳ ಇವತ್ತಿಗೂ ನಮ್ಮ ಹೋಟೆಲು ಬೆಂಚುಗಳ ಮೇಲೆ ನಡೆಯುತ್ತದೆ. ಪಟ್ಟವಂತೂ ಹೋಯಿತು. ಅರಮನೆ ಬಿಡಿಸಿ ಕಾಶಿಗೆ ಸಾಗಿಸಿದರು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಮಗಳಿಗೆ ಕ್ರೈಸ್ತ ದೀಕ್ಷೆಯಾಯಿತು, ಖುದ್ದು ವಿಕ್ಟೋರಿಯಾ ರಾಣಿಯೇ ಧರ್ಮಮಾತೆ. ಅಪ್ಪ ತನ್ನ ಹಣಕ್ಕಾಗಿ ಕಂಪನಿಯ ಮೇಲೆ ಕೋರ್ಟು ಹತ್ತಿ ಅಲ್ಲೇ 1859ರಲ್ಲಿ ತೀರಿಕೊಂಡ. ಗೌರಮ್ಮ 1864ರಲ್ಲಿ. ಇಬ್ಬರೂ ಮಡಿಕೇರಿಗೆ ತಿರುಗಿ ಬರಲಿಲ್ಲ. ಆಗ್ರಾದ ಅಜ್ಜಿಗೆ ಸಿಕ್ಕ ಡೋಲಿ ಇವರಿಗೆ ಸಿಗಲಿಲ್ಲ.

ಅವನು ಬಿಟ್ಟುಹೋದ ಅರಮನೆ ಕೋಟೆಯೊಳಗೆ ಇಂದಿಗೂ ನಿಂತಿದೆ. ಎಷ್ಟೋ ವರ್ಷ ಅಲ್ಲಿ ಜಿಲ್ಲಾಧಿಕಾರಿಗಳ ಕಚೇರಿ ಇತ್ತು. ರಾಜ ಕೂತ ಜಾಗದಲ್ಲಿ ಗುಮಾಸ್ತರು, ಕಡತಗಳು. ಕಕ್ಕಬ್ಬೆಯ ಹತ್ತಿರದ ನಾಲ್ಕುನಾಡು ಅರಮನೆಯಲ್ಲಿ ಮರಕ್ಕೆ ಬಳಿದ ಹಳೆ ಬಣ್ಣ ಕೂಡ ಇನ್ನೂ ಪೂರ್ತಿ ಅಳಿದಿಲ್ಲ.

ಈ ಪತ್ರಿಕೆಯನ್ನು ನೀವು ಮಡಿಕೇರಿ ಬಸ್ ಸ್ಟ್ಯಾಂಡಿನಲ್ಲೇ ಕೊಂಡಿದ್ದರೆ, ಬಸ್ಸಿಗೆ ಇನ್ನೂ ಹೊತ್ತಿದ್ದರೆ, ಕೋಟೆಗೆ ನಡೆದೇ ಹೋಗಿ ಬನ್ನಿ. ಅಂಗಳದಲ್ಲಿ ಗಾರೆಯ ಎರಡು ಆನೆಗಳಿವೆ. ಎಲ್ಲರೂ ಅವುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ, ನೀವೂ ತೆಗೆಸಿಕೊಳ್ಳಿ. ಆಮೇಲೆ ಸ್ವಲ್ಪ ಹಿಂದೆ ಸರಿದು ಬಾಗಿಲು ನೋಡಿ, ಕಿಟಕಿ ನೋಡಿ. ಕ್ಯಾಮೆರಾ ಎಲ್ಲಿ ಇಡಬಹುದು ಅಂತ ಒಂದು ನಿಮಿಷ ಲೆಕ್ಕ ಹಾಕಿ.